ಚಿನ್ನಸಾಮಿ ಒತ್ತಿ ಹಿಡಿದ ಗಾಳಿ

ನನ್ನ ಪೆಟ್ಟಿಗೆಯ ಬೀಗ ಕಚ್ಚಿಕೊಂಡ ದಿನ ಚಿನ್ನಸಾಮಿ ಮೊದಲ ಸಲ ನಮ್ಮ ಮನೆಗೆ ಬಂದ. ದಿಂಡಿಗಲ್ಲಿನಲ್ಲಿ ಬೀಗ ಮಾಡುವವರು ಬೀದಿಗೆ ಹತ್ತು ಜನ. ತನ್ನಂಥವನು ಒಬ್ಬನೇ ಎಂದು ಅವನೇ ತಿಳಿಸಿದ. ಬೀಗಕ್ಕೆ ಕಿವಿಯಿಟ್ಟು ಅರ್ಧ ದಿನ ಕೂತ. ಒಲೆಯ ಮುಂದೆ ನಾನು ಕನ್ನಡದಲ್ಲಿ ಬೈದುಕೊಂಡದ್ದು ಕೇಳಿಸಿ, "ಅಕ್ಕಾ, ನೀವೂ ನಮ್ಮ ಮಾತಾ? ಕಂಬಂ ಕಡೇರಾ?" ಎಂದ. ಅಂದಿನಿಂದ ಅವನ ಪ್ರತಾಪ ಕೇಳುವ ಕೆಲಸ ನನ್ನ ಪಾಲಿಗೆ ಬಂತು.

ಎರಡು ವರ್ಷದ ಹಿಂದೆ ಚರ್ಚಿನವರು ಹಳೆಯ ಆರ್ಗನ್ ರಿಪೇರಿಗೆ ಅವನನ್ನು ಕರೆದರು. ಗಾಳಿ ಕೊಡುವ ತಿದಿಯ ತೊಗಲು ಹರಿದಿತ್ತು. ನುಡಿಸಲು ಚೆನ್ನೈಯಿಂದ ಒಬ್ಬರು ಬರುವವರಿದ್ದರು. ನಾನು ಊಟ ಕೊಂಡೊಯ್ದಾಗ, ವಾದ್ಯದ ಹಿಂದಿನ ಇಕ್ಕಟ್ಟಿನಲ್ಲಿ ಕೂತು ಹುಣಸೆಬೀಜದ ಅಂಟಿನಿಂದ ತೇಪೆ ಹಾಕುತ್ತಿದ್ದ. ಪಕ್ಕದಲ್ಲೇ ಇದ್ದ ಗಾಳಿಯೂದುವ ಮೋಟಾರಿನ ಗದ್ದಲಕ್ಕೆ ಕೂಗಿಯೇ ಮಾತಾಡಬೇಕು.

"ಒಣಗಿದ್ರೆ ಕಲ್ಲಾಗ್ತದೆ ಕಣೋ. ಇದು ಮಡಚಿ ಬಿಚ್ಚೋ ತೊಗಲು!"

"ತವಿಲ್ ಡೋಲಿಗೆ ಇದನ್ನೇ ಹಾಕೋದು ಅಕ್ಕಾ! ಸಂಗೀತದ ವಿಷ್ಯ, ನಿಮ್ಗೆ ತಿಳೀದು ಬಿಡಿ!"

ತಿಳಿಯದು. ಬುತ್ತಿ ಬಿಚ್ಚಿ ಅವನ ಮುಂದಿಟ್ಟೆ.

ನುಡಿಸುವ ಸಂಜೆ ಗಂಜಿ ಹಾಕಿದ ವೇಷ್ಟಿ ಉಟ್ಟು, ಬೀದಿಗೆಲ್ಲ ಸಾರಿ, ನನ್ನನ್ನೂ ಕರೆದೊಯ್ದ. ಆ ನಾದ ಕಿವಿಗೆ ಬರಲಿಲ್ಲ. ಬೆಂಚಿನಿಂದ ಹತ್ತಿ ನನ್ನ ಮಂಡಿಗೆ ಬಂತು, ಎದೆಗೆ ಏರಿತು. ಅಷ್ಟರಲ್ಲಿ ಎಲ್ಲೋ ಹಾವು ಬುಸುಗುಟ್ಟಿದಂತಾಯಿತು. ಚಿನ್ನಸಾಮಿಯ ಮುಖ ಬಿಳಿಚಿತು.

"ಅಕ್ಕಾ, ತೇಪೆ ಬಿಟ್ಕೊಂತು. ಊರಿನ ಮುಂದೆ ನನ್ನ ಮಾನ ಹೋಯ್ತು."

"ತವಿಲಿಗೆ ಹಾಕೋದಲ್ವೇನೋ?"

ಬಗ್ಗಿಕೊಂಡು ವಾದ್ಯದ ಹಿಂದೆ ನುಗ್ಗಿದ. ಬುಸು ನಿಂತಿತು. ಮುಗಿಯುವವರೆಗೂ ಆ ಮೋಟಾರಿನ ಗದ್ದಲದಲ್ಲೇ ಕೂತು ಎರಡು ಅಂಗೈಯಲ್ಲಿ ತೇಪೆ ಒತ್ತಿ ಹಿಡಿದಿದ್ದನಂತೆ. ಕೊನೆಯ ಸ್ವರ ಎಷ್ಟು ಹೊತ್ತು ನಿಂತಿತೆಂದರೆ, ಮುಂದಿನ ಬೆಂಚಿನಾಕೆ ಬೀಸಣಿಗೆ ಆಡಿಸುವುದನ್ನೇ ಮರೆತಳು. ಆಮೇಲೆ ಒಬ್ಬರೂ ಕೆಮ್ಮಲಿಲ್ಲ. ನಾನು ಸೆರಗಿನಿಂದ ಕಣ್ಣೊರೆಸಿಕೊಂಡೆ. ಜನ ಚೆನ್ನೈಯವರಿಗೆ ಚಪ್ಪಾಳೆ ತಟ್ಟಿದರು. ತಲೆಯ ಮೇಲೆ ಜೇಡರ ಬಲೆ ಹೊತ್ತು ಹೊರಬಂದ ಚಿನ್ನಸಾಮಿ ಅರ್ಧ ಚಪ್ಪಾಳೆ ತನ್ನದೆಂದು ಕೈ ಮುಗಿದ.

ಮಾರನೆಯ ದಿನದಿಂದ ಟೀ ಅಂಗಡಿಯಲ್ಲಿ ಅವನದೇ ಕಛೇರಿ. "ಕಡೇಲಿ ಗುಡುಗಿದಂಗೆ ಮುಗೀತು" ಎಂದು ಒಂದು ದಿನ. "ಪಳನಿ ಗಂಟೆ ಇದ್ದಂಗೆ" ಎಂದು ಇನ್ನೊಂದು ದಿನ. "ಬೇಕಾದ್ರೆ ಅಕ್ಕನ್ನೇ ಕೇಳಿ." ನಾನು ಎರಡಕ್ಕೂ ಹೌದೆಂದು ತಲೆಯಾಡಿಸಿದೆ.

ಕಳೆದ ಪುರಟ್ಟಾಸಿ ತಿಂಗಳಲ್ಲಿ ಅವನು ಹಾಸಿಗೆ ಹಿಡಿದ. ನೋಡಲು ಹೋದೆ. ಹೆಂಡತಿ ವಳ್ಳಿಯನ್ನು ನೀರು ತರಲು ಒಳಗೆ ಕಳಿಸಿ, ಬಾಗಿಲ ಕಡೆ ಒಮ್ಮೆ ನೋಡಿ, ನನ್ನ ಕೈ ಹಿಡಿದು ಕೇಳಿದ:

"ಅಕ್ಕಾ, ನಿಜ ಹೇಳಿ. ಆವತ್ತು ಚರ್ಚಲ್ಲಿ ನುಡಿಸಿದ್ದು ಕಡೇಲಿ ಹೆಂಗ್ ಮುಗೀತು?"