ಭುಜದೆತ್ತರದಲ್ಲೊಂದು ಚುಕ್ಕೆ

ಸ್ನೇಹಿತರೇ, ಕಾರಣ ಗೊತ್ತಾದ ಮೇಲೂ ನನ್ನ ಹೆದರಿಕೆ ಹೋಗಿಲ್ಲ.

ಮಂಡಿನೋವಿನ ದೊಡ್ಡಮ್ಮನನ್ನು ಇವತ್ತು ಮೂಡುಬಿದಿರೆಯ ಲ್ಯಾಬೊಂದಕ್ಕೆ ನಡಿಗೆಯ ಪರೀಕ್ಷೆಗೆ ಕರೆದುಕೊಂಡು ಹೋಗಿದ್ದೆ. ಸೊಂಟದಿಂದ ಪಾದದವರೆಗೆ ಹೊಳೆಯುವ ಪುಟ್ಟ ಮಾರ್ಕರ್‌ಗಳನ್ನು ಅಂಟಿಸಿ ನಡೆಸಿದರು. ಅಲ್ಲಿನ ಕ್ಯಾಮೆರಾಗಳಿಗೆ ಕಾಣುವುದು ಹೊಳಪು ಮಾತ್ರ, ಒಂದೊಂದು ಹೊಳಪೂ ಒಂದೊಂದು ಚುಕ್ಕೆಯಾಗಿ. ಪರದೆಯ ಮೇಲೆ ಚುಕ್ಕೆಗಳ ಎರಡು ಕಾಲು ನಡೆದವು. ಅವುಗಳ ಮೇಲೆ, ಏನೂ ಇರಬಾರದ ಕತ್ತಲಲ್ಲಿ, ಭುಜದೆತ್ತರಕ್ಕೆ ಇನ್ನೊಂದು ಚುಕ್ಕೆ ತೇಲುತ್ತ ಬಂತು. ದೊಡ್ಡಮ್ಮ ನಿಂತರೆ ಅದೂ ನಿಂತಿತು.

"ಯಾರದು ನನ್ನೊಟ್ಟಿಗೆ ಬರುದು?" ದೊಡ್ಡಮ್ಮ ಪರದೆ ನೋಡಿ ಕೇಳಿದರು.

"ಯಾರೂ ಇಲ್ಲಮ್ಮ, ಅದು ಬೇಡದ ಚುಕ್ಕೆ. ಅಳಿಸ್ತೇನೆ," ಎಂದಳು ಲ್ಯಾಬಿನ ಹುಡುಗಿ.

"ಅಳಿಸುದಾ! ಯಾರಂತ ಕೇಳದೆಯಾ? ಅವರಿಗೆ ಸಿಟ್ಟು ಬಂದ್ರೆ?"

ನಾನು ಮೆಲ್ಲಗೆ ದೊಡ್ಡಮ್ಮನ ಹಿಂದೆ ಇಣುಕಿ ನೋಡಿದೆ.

ಹುಡುಗಿ ಹತ್ತಿರ ಬಂದು, ದೊಡ್ಡಮ್ಮನ ರವಿಕೆಯ ತೋಳಿನಿಂದ ಇಣುಕುತ್ತಿದ್ದ ಬೆಳ್ಳಿಯ ತಾಯತವನ್ನು ತೋರಿಸಿದಳು. "ಇದೇ ಹೊಳೆಯುದು. ಬಿಚ್ಚಿಡಿ, ಇನ್ನೊಮ್ಮೆ ನಡೆಯುವ."

ಪ್ರೇತ ಹತ್ತಿರ ಸುಳಿಯದಿರಲೆಂದು ಕಟ್ಟಿಸಿಕೊಂಡ ತಾಯತ ಅದು. ದೊಡ್ಡಮ್ಮ ಅದನ್ನು ಬಿಗಿಯಾಗಿ ಹಿಡಿದುಕೊಂಡರು. "ಅಂಥದ್ದನ್ನು ಕಣ್ಣಾರೆ ನೋಡಿದ ಮೇಲೆ ಇದನ್ನು ಬಿಚ್ಚುದಾ ಮಾರಾಯ್ತಿ?"

ಪರೀಕ್ಷೆ ಅಲ್ಲಿಗೇ ಮುಗಿಯಿತು. ಮನೆಗೆ ಮರಳುವಾಗ ವೇಣೂರಿನ ಬಸ್ಸಿನಲ್ಲಿ ಬೇಕಾದಷ್ಟು ಸೀಟು ಖಾಲಿ ಇದ್ದವು. ನಾನು ಮಾತ್ರ ದೊಡ್ಡಮ್ಮನ ತಾಯತದ ತೋಳಿಗೇ ಒತ್ತಿಕೊಂಡು ಕೂತೆ.