ಕಾಕ್ ಮುಚ್ಚಿದವರು ಯಾರು?

ಸತ್ತವರು ಬಂದು ಹೋಗುತ್ತಾರೆ ಎಂಬುದೆಲ್ಲ ಕೆಲಸವಿಲ್ಲದವರ ಮಾತು ಎಂದು ನಾನು ಬಹಳ ವರ್ಷ ಹೇಳಿಕೊಂಡು ಬಂದವಳು. ವಿಮಾ ಕಚೇರಿಯಲ್ಲಿ ಪರಿಹಾರದ ಅರ್ಜಿಗಳನ್ನು ತನಿಖೆ ಮಾಡುವುದು ನನ್ನ ಕೆಲಸವಾಗಿತ್ತು. ಅಳುತ್ತ ಬಂದವರನ್ನೂ ಕಾಗದ ಎಲ್ಲಿ ಎಂದು ಕೇಳಿದ್ದೇನೆ. ಈಗ ಹೇಳಹೊರಟಿರುವುದಕ್ಕೆ ನನ್ನ ಹತ್ತಿರವೇ ಕಾಗದವಿಲ್ಲ. ನೀವು ನಂಬದಿದ್ದರೆ ಸಿಟ್ಟೂ ಇಲ್ಲ.

ನಮ್ಮ ಮನೆಯವರು ಧಾರವಾಡದಿಂದ ಪುಣೆಗೆ ಬರುವಾಗ ತಂದ ಆಸ್ತಿಯೆಂದರೆ ಒಂದು ಹಳೆಯ ಮೋಟಾರ್‌ಸೈಕಲ್. ಅದರ ಕಾರ್ಬೊರೇಟರ್ ಸೋರುತ್ತಿತ್ತು. ಹಾಗಾಗಿ ಗಾಡಿ ನಿಲ್ಲಿಸಿದ ಕೂಡಲೇ ಬಗ್ಗಿ, ಟ್ಯಾಂಕಿನ ಕೆಳಗಿನ ಪೆಟ್ರೋಲ್ ನಲ್ಲಿಯನ್ನು, ಅಂದರೆ ಕಾಕ್ ಅನ್ನು, ಮುಚ್ಚುವುದು ಅವರ ಚಟವಾಗಿತ್ತು. ಕೊತ್ತಂಬರಿ ಕೊಳ್ಳಲು ಎರಡು ನಿಮಿಷ ನಿಂತರೂ ಮುಚ್ಚಲೇಬೇಕು. ಒಮ್ಮೆ ಭೋರ್ ರಸ್ತೆಯಲ್ಲಿ ಇಬ್ಬರೂ ಗಾಡಿ ಸಮೇತ ಬಿದ್ದಾಗ ಅವರು ಮೊದಲು ಕಾಕ್ ಮುಚ್ಚಿ, ಆಮೇಲೆ ನನ್ನನ್ನು ಎತ್ತಿದರು. ಆ ಸಿಟ್ಟಿಗೆ ನಾನು ಎರಡು ದಿನ ಮಾತು ಬಿಟ್ಟಿದ್ದೆ. ಈಗ ಆ ಎರಡು ದಿನಗಳು ಸಿಕ್ಕರೆ ಸಾಕು ಅನಿಸುತ್ತದೆ.

ಅವರು ತೀರಿಕೊಂಡ ಮೇಲೂ ಗಾಡಿ ನಮ್ಮ ಕೋಥರೂಡದ ಸೊಸೈಟಿಯ ಪಾರ್ಕಿಂಗ್‌ನಲ್ಲೇ ಉಳಿಯಿತು. ಓಡಿಸಲು ನನಗೆ ಬಾರದು, ಕಿಕ್ ಹೊಡೆಯಲು ಬರುತ್ತದೆ. ಎಂಜಿನ್ ಹಿಡಿದುಕೊಳ್ಳಬಾರದೆಂದು ಭಾನುವಾರಕ್ಕೊಮ್ಮೆ ಚಾಲೂ ಮಾಡುತ್ತಿದ್ದೆ. ಹಾಗೆ ಮಾಡಿ ಕಾಕ್ ಮುಚ್ಚಲು ಮರೆತ ದಿನ ಪೆಟ್ರೋಲ್ ಸೋರಿ ವಾಸನೆ ಎದ್ದಿತು. ಗಾಡಿ ಸರಿಮಾಡಿಸಿ, ಇಲ್ಲವೇ ತೆಗೆಯಿರಿ ಎಂದು ಸೊಸೈಟಿಯವರು ಮರ್ಯಾದೆಯಿಂದಲೇ ಹೇಳಿದರು.

ಎಲ್ಲಿ ಸೋರುತ್ತದೆಂದು ಮೊದಲು ನಾನೇ ನೋಡೋಣವೆಂದು ಕಾರ್ಬೊರೇಟರನ್ನು ಬಟ್ಟೆಯಿಂದ ಒರೆಸಿ ಒಣಗಿಸಿದೆ. ಕೆಳಗೆ ಹಳೆಯ ಪೇಪರ್ ಹಾಸಿ, ಕಾಕ್ ತೆರೆದು ಮೇಲೆ ಹೋದೆ. ಒಂದು ತಾಸು ಬಿಟ್ಟು ಬಂದರೆ ಪೇಪರಿನ ಮೇಲೆ ರೂಪಾಯಿಯಗಲದ ಕಲೆಯಷ್ಟೇ. ಕಾಕ್ ಮುಚ್ಚಿತ್ತು. ವಾಚ್‌ಮನ್‌ನನ್ನು ಕೇಳಿದೆ. ಕೈ ಹಚ್ಚಿಲ್ಲ ಎಂದು ಮರಾಠಿಯಲ್ಲಿ ದೇವರಾಣೆ ಮಾಡಿದ. ನಾನು ನಂಬಲಿಲ್ಲ.

ಮುಂದಿನ ಭಾನುವಾರ ಮಧ್ಯಾಹ್ನ ಪ್ಲಾಸ್ಟಿಕ್ ಸ್ಟೂಲ್ ಹಾಕಿಕೊಂಡು ಗಾಡಿಯ ಪಕ್ಕದಲ್ಲೇ ಕೂತೆ. ಉಂಡು ಮಲಗುವ ಹೊತ್ತು, ಪಾರ್ಕಿಂಗ್‌ನಲ್ಲಿ ನರಪಿಳ್ಳೆಯೂ ಇರಲಿಲ್ಲ. ಕಾಕಿನ ಹಿಡಿ ಕೆಳಮುಖವಾಗಿದ್ದರೆ ತೆರೆದಂತೆ, ಅಡ್ಡವಾಗಿದ್ದರೆ ಮುಚ್ಚಿದಂತೆ. ಕೆಳಮುಖ ಮಾಡಿದೆ. ಸ್ವಲ್ಪ ಹೊತ್ತಿಗೆ ಕಾರ್ಬೊರೇಟರಿನ ಕೆಳಗಿನ ಸಣ್ಣ ನಳಿಕೆಯಿಂದ ಹನಿ ಬೀಳತೊಡಗಿತು. ನಾನು ಬಗ್ಗಿ ನಳಿಕೆಯ ಬಾಯನ್ನೇ ನೋಡುತ್ತಿದ್ದೆ. ಹನಿ ನಿಧಾನವಾಯಿತು. ನಿಂತಿತು. ತಲೆ ಎತ್ತಿದರೆ ಹಿಡಿ ಅಡ್ಡವಾಗಿತ್ತು, ನನ್ನ ಮುಖದಿಂದ ಒಂದು ಗೇಣು ದೂರದಲ್ಲಿ. ಸುತ್ತ ಯಾರೂ ಇಲ್ಲ.

ನನಗೆ ಹೆದರಿಕೆಯಾಗಲಿಲ್ಲ. ನಾಚಿಕೆ ಬಿಟ್ಟು ಹೇಳುತ್ತೇನೆ, ಸಂತೋಷವಾಯಿತು. "ಬಂದೀರೇನ್ರಿ?" ಎಂದು ಬಾಯಿಬಿಟ್ಟೇ ಕೇಳಿದೆ.

ಆಮೇಲೆ ಸೋರುವಿಕೆ ಹುಡುಕುವ ನೆವ ಸೊಸೈಟಿಯವರಿಗಷ್ಟೇ ಉಳಿಯಿತು. ನಾಲ್ಕು ಭಾನುವಾರ ಬೇಕೆಂದೇ ಕಾಕ್ ತೆರೆದು ಕೂತೆ. ನಾಲ್ಕು ಸಲವೂ ಮುಚ್ಚಿತು, ಒಮ್ಮೆಯೂ ನನ್ನ ಕಣ್ಣೆದುರಿಗಲ್ಲ. ಅವರು ಇದ್ದಾಗ ಭಾನುವಾರಗಳನ್ನು ನಾನು ಇಷ್ಟು ಕಾದಿರಲಿಲ್ಲ.

ಐದನೆಯ ಭಾನುವಾರ ದೀಪಾವಳಿ ಬಂದಿತ್ತು. ಸಂಜೆ ಕಾಕ್ ತೆರೆದು, ಕುಂಕುಮ ಕೊಡಲು ಕರೆದರೆಂದು ಪಕ್ಕದವರ ಮನೆಗೆ ಹೋದೆ. ತಿರುಗಿ ಬರುವಷ್ಟರಲ್ಲಿ ಯಾರೋ ಪಾರ್ಕಿಂಗಿನ ಉದ್ದಕ್ಕೂ ಹಣತೆ ಸಾಲಾಗಿಟ್ಟಿದ್ದರು. ಒಂದು ಹಣತೆ ನನ್ನ ಪೇಪರಿನಿಂದ ನಾಲ್ಕು ಹೆಜ್ಜೆಯಲ್ಲಿತ್ತು. ಕಾಕ್ ಮುಚ್ಚಿತ್ತು, ಪೇಪರ್ ಒಣಗಿತ್ತು. ಆದರೂ ಆ ಹಣತೆಯನ್ನು ಎತ್ತಿ ದೂರ ಒಯ್ದಿಟ್ಟೆ. ನನ್ನ ಹಂಬಲಕ್ಕೆ ಇಡೀ ಕಟ್ಟಡವನ್ನು ಒತ್ತೆ ಇಟ್ಟಿದ್ದೆ.

ಮರುದಿನವೇ ಬಸುವನ್ನು ಕರೆಸಿದೆ. ಗೋಕಾಕ ಕಡೆಯವನು, ನಮ್ಮ ಗಾಡಿಯ ಹಳೆಯ ಮೆಕ್ಯಾನಿಕ್, ನಮ್ಮವರನ್ನು ಅಣ್ಣಾ ಎನ್ನುತ್ತಿದ್ದವನು. ಕಾರ್ಬೊರೇಟರಿನ ಬಟ್ಟಲು ಬಿಚ್ಚಿ, ಅದರಲ್ಲಿ ಪೆಟ್ರೋಲ್ ತುಂಬಿದಾಗ ದಾರಿ ಮುಚ್ಚುವ ಚಿಕ್ಕ ಸೂಜಿಯನ್ನು ಅಂಗೈ ಮೇಲಿಟ್ಟು ತೋರಿಸಿದ. ಅದರ ತುದಿಯಲ್ಲಿ ಸುತ್ತಲೂ ಗೆರೆ ಬಿದ್ದಿತ್ತು.

"ವೈನಿ, ಸೂಜಿ ಪೂರಾ ಸವದದ ನೋಡ್ರಿ. ಹೊಸಾದು ಹಾಕ್ತೀನಿ. ಇನ್ನ ಕಾಕ್ ತಗದಿಟ್ರೂ ಹನಿ ಬೀಳಂಗಿಲ್ಲ."

ಕಾಕ್ ತಾನಾಗಿ ತಿರುಗಬಹುದೇ ಎಂದು ಕೇಳಿದೆ. ಅವನು ನಕ್ಕ.

"ತಾನ ಹ್ಯಾಂಗ ತಿರಗತದ್ರಿ? ಅಣ್ಣಾರು ಭಾಳ ಬಿಗಿ ಮಾಡಿಸ್ಯಾರ. ಹೆಬ್ಬಟ್ಟು ಒತ್ತಿ ತಿರವಬೇಕು."

ಹೊಸ ಸೂಜಿ ಹಾಕಿದ ಮೇಲೆ ಗಾಡಿ ಸೋರಿಲ್ಲ. ಸೊಸೈಟಿಯವರಿಗೆ ಸಮಾಧಾನ. ನಾನು ಮಾತ್ರ ಭಾನುವಾರ ಕಾಕ್ ತೆರೆದು ಸ್ಟೂಲ್ ಮೇಲೆ ಕೂತೆ, ಕಣ್ಣು ತಿರುಗಿಸಿದೆ, ಬಗ್ಗಿದೆ, ಮೇಲೆ ಹೋಗಿ ಚಹಾ ಕುಡಿದು ಬಂದೆ. ಹಿಡಿ ಕೆಳಮುಖವಾಗಿಯೇ ಇತ್ತು. ಮುಂದಿನ ವಾರವೂ ಹಾಗೇ. ಇದೆಲ್ಲ ನಡೆದು ಐದು ವರ್ಷವಾಯಿತು, ಮತ್ತೆ ಒಮ್ಮೆಯೂ ಅದು ಮುಚ್ಚಿಲ್ಲ. ಸೋರದ ಗಾಡಿಗೆ ಅವರ ಅಗತ್ಯವಿಲ್ಲವೋ, ಮೊದಲಿನದೇ ನನ್ನ ಭ್ರಮೆಯೋ, ನನಗೆ ತಿಳಿಯದು.

ಸವೆದ ಸೂಜಿಯನ್ನು ನಾನು ಬಸುವಿನಿಂದ ಕೇಳಿ ಇಟ್ಟುಕೊಂಡಿದ್ದೇನೆ. ಬದಲಿಸುವುದು ಹೇಗೆಂದು ಅವನ ಪಕ್ಕ ಕೂತು ನೋಡಿದ್ದೇನೆ, ಅರ್ಧ ತಾಸಿನ ಕೆಲಸ. ದೀಪವಿಲ್ಲದ ದಿನ ನೋಡಿ, ಆ ಸೂಜಿಯನ್ನೇ ಮತ್ತೆ ಹಾಕಿ, ಬಳಿಯಲ್ಲೇ ಕೂತು ಒಮ್ಮೆ ಪರೀಕ್ಷಿಸಿದರೆ ನಿಜ ತಿಳಿದೀತು. ತನಿಖೆ ಮಾಡಿ ಬದುಕಿದವಳಿಗೆ ಅಷ್ಟು ಕಷ್ಟವಲ್ಲ. ಇನ್ನೂ ಹಾಕಿಲ್ಲ. ಗಾಡಿ ಸೋರಿ, ಕಾಕ್ ತೆರೆದೇ ಇದ್ದುಬಿಟ್ಟರೆ ಆಮೇಲೆ ನಾನು ಯಾರ ದಾರಿ ಕಾಯಲಿ?