ಹನ್ನೆರಡನೆಯ ಕನ್ನಡಕ

ಮಾರ್ಗಶಿರದ ಒಂದು ಬುಧವಾರ, ಬೆಳಗ್ಗೆ ಏಳು ಗಂಟೆ. ಸ್ಥಳ, ಹೊಳಲ್ಕೆರೆ ತಾಲ್ಲೂಕಿನ ರಾಮಗಿರಿ. ಬೆಟ್ಟಕ್ಕೂ ರೈಲು ಸ್ಟೇಷನ್ನಿಗೂ ನಡುವಿನ ಬಯಲಲ್ಲಿ ನಮ್ಮ ಡೇರೆಗಳು. ಹಾಜರಿದ್ದವರು: ಭೂವಿಜ್ಞಾನದ ಪ್ರೊಫೆಸರು, ಹನ್ನೊಂದು ಮಂದಿ ವಿದ್ಯಾರ್ಥಿಗಳು, ಗಾಡಿಯವನು, ಕಲ್ಲು ಒಡೆಯಲು ಕರೆಸಿದ್ದ ಹೊಳಲ್ಕೆರೆಯ ಸಾಬರು, ನಾನು. ಹನ್ನೆರಡನೆಯ ವಿದ್ಯಾರ್ಥಿ ಜ್ವರ ಬಂದು ಡೇರೆಯಲ್ಲಿ ಮಲಗಿದ್ದ. ಆರೂವರೆಗೆ ಅವನಿಗೆ ಕ್ವಿನೈನ್ ಕೊಟ್ಟು, ನಾಲಿಗೆ ನೋಡಿ, ಪುಸ್ತಕದಲ್ಲಿ ಬರೆದು ಬಂದಿದ್ದೆ.

ಆಗಿನ್ನೂ ನಮ್ಮ ಸಂಸ್ಥಾನಕ್ಕೆ ಸ್ವಂತ ವಿಶ್ವವಿದ್ಯಾನಿಲಯ ಬಂದು ಕೆಲವೇ ವರ್ಷ. ಕಾಲೇಜಿನ ಭೂವಿಜ್ಞಾನ ವಿಭಾಗದಲ್ಲಿ ನಾನು ಸಾಮಾನು ನೋಡಿಕೊಳ್ಳುವವನು. ಹುಡುಗರನ್ನು ಬೆಟ್ಟಗುಡ್ಡಕ್ಕೆ ಕರೆದುಕೊಂಡು ಹೋದಾಗ ಅವರ ಆರೋಗ್ಯ, ಅಪಾಯ, ಔಷಧಿ ಪೆಟ್ಟಿಗೆ ಎಲ್ಲವೂ ನನ್ನ ಪಾಲಿಗೆ. ಕುಡಿಯುವ ನೀರು ಕುದಿಸಿ ಇಪ್ಪತ್ತು ನಿಮಿಷ. ಕಕ್ಕಸಿನ ಗುಂಡಿ ಡೇರೆಯಿಂದ ನೂರು ಹೆಜ್ಜೆ, ಗಾಳಿ ಬೀಸುವ ಕಡೆ ಅಲ್ಲ. ಔಷಧಿ ಪೆಟ್ಟಿಗೆಯಲ್ಲಿ ಅಯೋಡಿನ್ ಎಡಕ್ಕೆ, ಬೋರಿಕ್ ಪುಡಿ ಬಲಕ್ಕೆ, ಕಟ್ಟುಬಟ್ಟೆ ನಡುವೆ. ಕತ್ತಲಲ್ಲೂ ಕೈ ಹಾಕಿ ತೆಗೆಯಬಲ್ಲೆ. ಚಿಕ್ಕಂದಿನಲ್ಲಿ ಮಠದ ಉಚಿತ ವಿದ್ಯಾರ್ಥಿನಿಲಯದಲ್ಲಿ ಬೆಳೆದವನು ನಾನು. ನಾಲ್ಕಕ್ಕೆ ಗಂಟೆ, ನಾಲ್ಕೂಕಾಲಿಗೆ ಹಾಸಿಗೆ ಸುತ್ತಿ ಗೋಡೆಗೆ ಒರಗಿಸಿರಬೇಕು. ಆ ಗಂಟೆ ನನ್ನ ಮೈಯಿಂದ ಇವತ್ತಿಗೂ ಇಳಿದಿಲ್ಲ.

ಕಲ್ಲು ಒಡೆಯುವಾಗ ಕಣ್ಣಿಗೆ ಚೂರು ಸಿಡಿಯದಂತೆ ಹಾಕಿಕೊಳ್ಳುವ ಕನ್ನಡಕಗಳು ಹನ್ನೆರಡು ಇದ್ದವು. ಹಿಂದಿನ ವರ್ಷ ಹೊಸದುರ್ಗದ ಕಡೆ ಹೋಗಿದ್ದಾಗ ಒಬ್ಬನ ಕನ್ನಡಕ ಇನ್ನೊಬ್ಬ ಹಾಕಿಕೊಂಡು, ಮೂರೇ ದಿನದಲ್ಲಿ ಅರ್ಧ ತರಗತಿಗೆ ಕಣ್ಣುಬೇನೆ ಹತ್ತಿತ್ತು. ಅದಕ್ಕೇ ಈ ವರ್ಷ ನಾನೊಂದು ನಿಯಮ ಮಾಡಿದ್ದೆ. ಒಂದೊಂದು ಕನ್ನಡಕದ ಪಟ್ಟಿಗೂ ಒಬ್ಬೊಬ್ಬ ವಿದ್ಯಾರ್ಥಿಯ ಹೆಸರಿನ ಚೀಟಿ ಹೊಲಿದಿದ್ದೆ. ಒಬ್ಬರದು ಇನ್ನೊಬ್ಬರು ಮುಟ್ಟುವಂತಿಲ್ಲ. ಸಂಜೆ ನಾನೇ ಎಲ್ಲವನ್ನೂ ಬೋರಿಕ್ ನೀರಲ್ಲಿ ತೊಳೆದು ಎಣಿಸಿಡಬೇಕು. ಪ್ರೊಫೆಸರು ಓದಿ, "ಭೇಷ್, ಇದನ್ನು ಮೇಲಿನವರಿಗೂ ಕಳಿಸೋಣ" ಅಂದಿದ್ದರು. ಅವತ್ತು ನನಗೆ ಊಟ ರುಚಿಸಿತ್ತು.

ಸಾಬರ ಮನೆತನ ತಲೆತಲಾಂತರದಿಂದ ಕಲ್ಲು ಕೆಲಸದ್ದು. ಸವೆದ ಬೀಸುವ ಕಲ್ಲಿಗೆ ಮತ್ತೆ ಹಲ್ಲು ಕುಟ್ಟಿ ಕೊಡುವುದು ಅವರ ಕಸುಬು. "ಪಕ್ಕದ ಬಿ.ದುರ್ಗದಾಗೆ ಅರ್ಧ ಊರಿನ ರೊಟ್ಟಿ ನನ್ನ ಉಳಿ ಮ್ಯಾಲೆ ನಿಂತೈತೆ" ಅನ್ನುತ್ತಿದ್ದರು. ಹುಡುಗರು ಹತ್ತು ಪೆಟ್ಟು ಹಾಕಿದರೂ ಬಾಯಿಬಿಡದ ಬಂಡೆಯನ್ನು ಅವರು ಬೆರಳಿಂದ ತಡವಿ, ಒಂದು ಕಡೆ ಗುರುತು ಮಾಡಿ, ಒಂದೇ ಏಟಿಗೆ ಸೀಳುತ್ತಿದ್ದರು. ಆದರೆ ಅವತ್ತಿನ ಕಲ್ಲು ಗಾಜಿನಂಥದು, ಒಡೆದರೆ ಅಲಗಿನಂತೆ ಸಿಡಿಯುವಂಥದು.

ಬೆಟ್ಟದ ಬುಡ ಸೇರಿ ಕನ್ನಡಕ ಹಂಚಿದೆ. ಹನ್ನೊಂದು ಹೋದವು, ಒಂದು ಪೆಟ್ಟಿಗೆಯಲ್ಲಿ ಉಳಿಯಿತು. ಸಾಬರು ಮೊದಲ ಕಲ್ಲಿಗೆ ಏಟು ಹಾಕಿ, ಸಿಡಿದ ಚೂರುಗಳನ್ನು ನೋಡಿ ಸುತ್ತಿಗೆ ಕೆಳಗಿಟ್ಟರು.

"ಸ್ವಾಮಿ, ಇದು ನಮ್ಮ ಬೀಸೋ ಕಲ್ಲಿನ ಜಾತಿ ಅಲ್ಲ, ಮುಖಕ್ಕೇ ಬತ್ತೈತೆ. ಆ ಪೆಟ್ಟಿಗ್ಯಾಗೆ ಒಂದು ಉಳಿದೈತಲ್ಲ, ನಂಗೆ ಕೊಡ್ರಿ."

"ಅದು ಜ್ವರ ಬಂದು ಮಲಗಿರುವ ಹುಡುಗನದು. ಅದರ ಮೇಲೆ ಅವನ ಹೆಸರಿದೆ."

"ಹುಡುಗಗೆ ಜ್ವರ, ಸರಿ. ಕನ್ನಡಕಕ್ಕೂ ಜ್ವರ ಬಂದೈತಾ?"

ಹುಡುಗರೆಲ್ಲ ಗೊಳ್ಳೆಂದು ನಕ್ಕರು. ನನ್ನ ಮುಖ ಬಿಗಿಯಿತು. ನಿಯಮದ ಕಾರಣವನ್ನು, ಕಣ್ಣುಬೇನೆ ಹೇಗೆ ಹರಡುತ್ತದೆ ಎಂಬುದನ್ನು, ನಿಂತು ವಿವರಿಸಿದೆ. ಸಾಬರು ಗಡ್ಡ ತುರಿಸಿಕೊಂಡು ಕೇಳಿಸಿಕೊಂಡರು. ಅಷ್ಟರಲ್ಲಿ ಒಬ್ಬ ವಿದ್ಯಾರ್ಥಿ ತನ್ನ ಕನ್ನಡಕ ಬಿಚ್ಚಿ, "ತಗೊಳ್ಳಿ ಸಾಬರೇ, ನಾನು ದೂರ ನಿಂತ್ಕೋತೀನಿ" ಎಂದು ಚಾಚಿದ. ಸಾಬರು ಅದನ್ನು ಹಿಡಿದುಕೊಂಡರು. ನಾನು ಅವರ ಕೈಯಿಂದಲೇ ಇಸಿದುಕೊಂಡು, ಬಟ್ಟೆಯಿಂದ ಒರೆಸಿ, ಆ ಹುಡುಗನ ಕಣ್ಣಿಗೆ ಮತ್ತೆ ಕಟ್ಟಿದೆ. ಪ್ರೊಫೆಸರು ನೋಡಿ, ಮತ್ತೆ ತಮ್ಮ ನಕ್ಷೆಯ ಕಡೆ ತಿರುಗಿದರು.

"ಆಗ್ಲಿ ಬಿಡ್ರಿ. ಓದಿದೋರ ಕಣ್ಣು ಉಳೀಲಿ" ಎಂದು ಸಾಬರು ಸುತ್ತಿಗೆ ಎತ್ತಿಕೊಂಡರು.

ಒಂಬತ್ತೂವರೆಗೆ ಚೂರು ಸಿಡಿಯಿತು. ಸಾಬರು ಸುತ್ತಿಗೆಯನ್ನು ಮೆಲ್ಲಗೆ ಕೆಳಗಿಟ್ಟು, ಬಲಗಣ್ಣಿನ ಮೇಲೆ ಅಂಗೈ ಇಟ್ಟುಕೊಂಡು ಕೂತರು. ಬೆರಳ ಸಂದಿಯಿಂದ ನೀರೂ ರಕ್ತವೂ ಇಳಿಯಿತು.

ಆಮೇಲೆ ಮಾಡಿದ್ದೆಲ್ಲ ನಾನು ಕಲಿತಂತೆಯೇ ಮಾಡಿದೆ. ಕಣ್ಣು ಉಜ್ಜಲು ಬಿಡಲಿಲ್ಲ. ಒಳಗೆ ನೆಟ್ಟಿದ್ದ ಚೂರನ್ನು ಮುಟ್ಟಲಿಲ್ಲ. ಗಾಯಕ್ಕೆ ಒತ್ತಡ ಬೀಳದಂತೆ ಬಟ್ಟೆಯ ಸಿಂಬೆ ಮಾಡಿ ಸುತ್ತಲೂ ಇಟ್ಟು, ಎರಡು ಕಣ್ಣಿಗೂ ಸೇರಿಸಿ ಪಟ್ಟಿ ಸುತ್ತಿದೆ.

"ಚೆನ್ನಾಗಿರೋದನ್ನೂ ಯಾಕೆ ಕಟ್ತೀರಿ ಸ್ವಾಮಿ?"

"ಅದು ಆಡಿದರೆ ಇದೂ ಆಡುತ್ತದೆ. ಅಲುಗಾಡಬೇಡಿ."

ಗಾಡಿಯಲ್ಲಿ ಹಿಂದಿನ ದಿನದ ಕಲ್ಲಿನ ಮಾದರಿಗಳು ತುಂಬಿದ್ದವು. ಅವನ್ನು ಇಳಿಸಬೇಕಾಯಿತು. ಇದನ್ನು ಬರೆಯಲು ಕೈ ಹಿಂಜರಿಯುತ್ತದೆ, ಆದರೂ ಬರೆಯುತ್ತೇನೆ: ನಾನು ಆ ಕಲ್ಲುಗಳನ್ನು ನಂಬರು ತಪ್ಪದಂತೆ, ಒಂದಾದ ಮೇಲೊಂದು, ಪಟ್ಟಿ ನೋಡಿ ಇಳಿಸಿದೆ. ಕಣ್ಣು ಕಟ್ಟಿಸಿಕೊಂಡ ಮನುಷ್ಯ ಪಕ್ಕದ ಬಂಡೆಯ ಮೇಲೆ ಕೂತಿದ್ದರು. ಗಾಡಿಯವನು ತಡೆಯಲಾರದೆ, "ಏನಪ್ಪ ಇದು! ಕಲ್ಲು ಅಳ್ತಾವಾ? ಉರುಳಿಸ್ರಿ, ಹೋಗಾಣ!" ಎಂದು ಉಳಿದದ್ದನ್ನು ಕೈಯಿಂದ ತಳ್ಳಿಬಿಟ್ಟ.

ಹೊಳಲ್ಕೆರೆಯ ಆಸ್ಪತ್ರೆ ಸೇರಲು ಮೂರು ಗಂಟೆ ಹಿಡಿಯಿತು. ಆ ಹೊತ್ತಿಗೆ ರೈಲಿರಲಿಲ್ಲ. ದಾರಿಯುದ್ದಕ್ಕೂ ಸಾಬರ ತಲೆ ನನ್ನ ತೊಡೆಯ ಮೇಲೆ. ಆಗಾಗ "ಎಲ್ಲಿ ಬಂದ್ವಿ?" ಎಂದು ಕೇಳುತ್ತಿದ್ದರು. ಒಮ್ಮೆ ಮಾತ್ರ ಬೇರೆ ಕೇಳಿದರು.

"ಒಂದೇ ಕಣ್ಣಾಗೆ ಬೀಸೋ ಕಲ್ಲು ಕುಟ್ಟಾಕೆ ಬರಾದಿಲ್ಲ ಸ್ವಾಮಿ. ಉಳಿ ಎಷ್ಟು ಆಳ ಇಳೀತು ಅಂತ ಗೊತ್ತಾಗಾದಿಲ್ಲ. ಕಣ್ಣು ಉಳಿತೈತೆ ಅಲ್ಲಾ?"

"ಡಾಕ್ಟರು ನೋಡಲಿ" ಎಂದೆ. ನಿಯಮದಲ್ಲಿ ಅದಕ್ಕಿಂತ ಹೆಚ್ಚಿನ ಉತ್ತರ ಇರಲಿಲ್ಲ.

ಡಾಕ್ಟರು ಪಟ್ಟಿ ಬಿಚ್ಚುತ್ತ, "ಇದನ್ನು ಕಟ್ಟಿದವರು ಯಾರು? ಇಷ್ಟು ಅಚ್ಚುಕಟ್ಟಾದ ಕಟ್ಟು ನಮ್ಮ ಆಸ್ಪತ್ರೆಯಲ್ಲೂ ನೋಡಿಲ್ಲ" ಅಂದರು. ಒಳಗೆ ಕರೆದುಕೊಂಡು ಹೋಗಿ ಬಹಳ ಹೊತ್ತು ನೋಡಿದರು. ಹೊರಗೆ ಬಂದು ಕೈ ತೊಳೆಯುತ್ತ ಹೇಳಿದರು: "ಬಲಗಣ್ಣು ಹೋಯಿತು. ಚೂರು ತೆಗೆದಿದ್ದೇನೆ. ಇನ್ನೊಂದಕ್ಕೆ ತಟ್ಟದಂತೆ ನೋಡಿಕೊಳ್ಳೋಣ, ಜಿಲ್ಲೆಯ ದೊಡ್ಡ ಆಸ್ಪತ್ರೆಗೆ ಬರೆದು ಕೊಡುತ್ತೇನೆ. ಯಾಕೆ, ಕನ್ನಡಕ ಇರಲಿಲ್ಲವೆ?"

"ಇತ್ತು" ಎಂದೆ.

ಸಾಬರ ಹೆಂಡತಿಯೂ ತಮ್ಮನೂ ಓಡಿ ಬಂದಿದ್ದರು. ಆ ತಾಯಿ ನನ್ನನ್ನು ಬೈಯಲಿಲ್ಲ, ನೋಡಲೂ ಇಲ್ಲ. ನಾನು ಹೊರಡುತ್ತೇನೆಂದಾಗ ಸಾಬರು ಮಂಚದಿಂದಲೇ ಧ್ವನಿ ಬಂದ ಕಡೆ ಮುಖ ತಿರುಗಿಸಿದರು.

"ಹೋಗಿ ಬರ್ರಿ ಸ್ವಾಮಿ. ಕನ್ನಡಕದ ಜ್ವರ ಬಿಡ್ತಾ, ನೋಡ್ರಿ."

ಅದರಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಇಷ್ಟು ವರ್ಷದಲ್ಲಿ ನಾನೂ ತಿರುಗಿ ಸಿಟ್ಟು ಮಾಡಿಕೊಂಡು ಹಗುರಾಗುತ್ತಿದ್ದೆನೋ ಏನೋ.

ಮಧ್ಯಾಹ್ನದ ರೈಲಿಗೆ ರಾಮಗಿರಿಗೆ ಮರಳಿದೆ. ಐದೂವರೆಗೆ ಪ್ರೊಫೆಸರ ಡೇರೆಗೆ ಹೋಗಿ ವಿಷಯ ತಿಳಿಸಿ, ಅಪಘಾತದ ಪುಸ್ತಕ ಬಿಚ್ಚಿದೆ. ಅದರಲ್ಲಿ ಕಾಲಂಗಳು ನಾನೇ ಗೆರೆ ಎಳೆದು ಮಾಡಿದ್ದವು: ವಿದ್ಯಾರ್ಥಿಯ ಕ್ರಮಸಂಖ್ಯೆ, ಹೆಸರು, ತರಗತಿ, ಗಾಯ, ಮಾಡಿದ ಚಿಕಿತ್ಸೆ.

"ಎಲ್ಲಿ ಬರೆಯಲಿ ಸಾರ್?"

"ಕ್ರಮಸಂಖ್ಯೆ ಏನಂತ ಹಾಕ್ತೀರಿ?" ಪ್ರೊಫೆಸರು ಪೆನ್ಸಿಲ್ ಚೂಪು ಮಾಡುತ್ತಿದ್ದರು, ತಲೆ ಎತ್ತಲಿಲ್ಲ. "ಪಾಪ, ಆಗಬಾರದಿತ್ತು. ಆದರೆ ಆತ ದಿನದ ಆಳು. ಈ ಪುಸ್ತಕ ವಿಶ್ವವಿದ್ಯಾನಿಲಯದವರದು."

"ಎರಡು ಕಟ್ಟುಬಟ್ಟೆ ಖರ್ಚಾಗಿವೆ. ಅದಕ್ಕೆ ಕಾರಣ ಕಾಣಿಸಬೇಕು."

"ಹುಡುಗರಿಗೆ ಕಟ್ಟು ಕಟ್ಟುವ ಪಾಠ ಮಾಡಿದಿರಿ ಅಂತ ಬರೀರಿ. ಎಲ್ಲರೂ ನಿಂತು ನೋಡಿದರಲ್ಲ, ಸುಳ್ಳೇನಲ್ಲ."

ನನ್ನ ಬಾಯಲ್ಲಿ ಮಾತಿತ್ತು. ಸಾಲಿನ ಕೆಳಗೆ ಜಾಗವೂ ಇತ್ತು. ಕಾಲಂ ಬಿಟ್ಟು ಅಡ್ಡಕ್ಕೆ ಎರಡು ಸಾಲು ಬರೆದಿದ್ದರೆ ಯಾರೂ ನನ್ನ ಕೈ ಕಡಿಯುತ್ತಿರಲಿಲ್ಲ. ಆದರೆ ಬರೆದಿದ್ದರೆ ಕನ್ನಡಕ ಯಾಕೆ ಕೊಡಲಿಲ್ಲ ಎಂಬ ಪ್ರಶ್ನೆ ಬರುತ್ತಿತ್ತು, ಅದು ನೇರ ನನ್ನ ಬಳಿಗೇ ಬರುತ್ತಿತ್ತು. ಪ್ರೊಫೆಸರು ತಮ್ಮ ಮಾನ ಕಾಯ್ದುಕೊಂಡರು ಎಂದು ಎಷ್ಟೋ ವರ್ಷ ಹೇಳಿಕೊಂಡು ತಿರುಗಿದೆ. ಅವರು ಬಾಗಿಲು ತೋರಿಸಿದ್ದು ನಿಜ, ಒಳಗೆ ನುಸುಳಿದವನು ನಾನು. ಅಪಘಾತ: ಇಲ್ಲ, ಎಂದು ದುಂಡಗೆ ಬರೆದೆ. ಕಟ್ಟುಬಟ್ಟೆ ಎರಡು, ಪಾಠಕ್ಕೆ. ಆ ವರ್ಷದ ವರದಿಯಲ್ಲಿ ನಮ್ಮ ಏರ್ಪಾಡುಗಳನ್ನು ಹೊಗಳಿ ಒಂದು ಸಾಲು ಬಂತು. ಕನ್ನಡಕದ ನಿಯಮವನ್ನು ಬೇರೆ ವಿಭಾಗದವರೂ ನಕಲು ಮಾಡಿಕೊಂಡರು. ಸಾಬರು ಬಿ.ದುರ್ಗಕ್ಕೆ ಮತ್ತೆ ಉಳಿ ಹಿಡಿದು ಹೋಗಲಿಲ್ಲವೆಂದು ಗಾಡಿಯವನಿಂದ ತಿಳಿಯಿತು.

ಅವತ್ತು ಉಳಿದದ್ದು ಒಂದೇ ಕೆಲಸ. ಆರು ಗಂಟೆಗೆ, ಇನ್ನೂ ಬೆಳಕಿರುವಾಗಲೇ, ಬೋಗುಣಿಗೆ ಬಿಸಿನೀರು ಸುರಿದು, ಬೋರಿಕ್ ಪುಡಿ ಕಲಸಿ, ಕನ್ನಡಕಗಳನ್ನು ಒಂದೊಂದಾಗಿ ತೊಳೆದೆ. ಹನ್ನೊಂದರಿಂದ ಬೂದುಬಣ್ಣದ ಧೂಳು ಬಿಟ್ಟು ನೀರು ಕದಡಿತು. ಹನ್ನೆರಡೂ ತೊಳೆಯಬೇಕೆಂಬುದು ನಿಯಮವಾದ್ದರಿಂದ ಜ್ವರದ ಹುಡುಗನದನ್ನೂ ತೊಳೆದೆ. ಅದಕ್ಕೆ ಧೂಳು ಹತ್ತಿರಲೇ ಇಲ್ಲ. ಒರೆಸಿ, ಚೀಟಿಯ ಹೆಸರು ಮೇಲೆ ಕಾಣುವಂತೆ ಕೊನೆಯ ಗೂಡಿನಲ್ಲಿಟ್ಟು, ಪೆಟ್ಟಿಗೆಗೆ ಬೀಗ ಹಾಕಿದೆ.